ಗಾದಿ ಇಳಿಯದ ದೇಸಾಯಿ

ದೊಡ್ಡ ಮನೆತನದವರನ್ನು ನಗೆಪಾಟಲು ಮಾಡುವ ನಾಟಕದಲ್ಲೂ ದೊಡ್ಡ ಪಾತ್ರ ದೊಡ್ಡ ಮನೆತನಕ್ಕೇ ಹೋಗಬೇಕು. ಆಲಮೇಲದ ಹತ್ತಿರದ ನಮ್ಮೂರಿನ ರೂಢಿ ಇದು. ರುಮಾಲು ಸುತ್ತುವ ಪಾತ್ರವನ್ನು ಬೇರೆಯವರು ಮಾಡಿದರೆ ಊರ ಹಿರಿಯರಿಗೆ ಊಟ ಇಳಿಯುವುದಿಲ್ಲ.

ಹೋದ ವರ್ಷ ನಾನು ಬರೆದು ಆಡಿಸಿದ್ದು ದೇಸಗತಿ ಕಾಲದ ಹಾಸ್ಯ ನಾಟಕ. ವಾಡೆಯ ಗೋಡೆ ಉದುರುತ್ತಿದೆ, ಹಗೇವಿನಲ್ಲಿ ಜೋಳವಿಲ್ಲ, ಆದರೂ ದೇಸಾಯಿಗೆ ಚಪ್ಪಲಿ ತೊಡಿಸಲು ಒಬ್ಬ ಆಳು, ತೆಗೆಯಲು ಇನ್ನೊಬ್ಬ. ಕೊನೆಗೆ ಹಸಿವು ತಾಳದೆ ದೇಸಾಯಿ ಗಾದಿಯಿಂದ ಇಳಿದು ಆಳಿನ ಬುತ್ತಿಗೆ ಕೈಚಾಚುತ್ತಾನೆ. ಆಳು ಗಾದಿಯ ಮೇಲೆ ಕೂತು ರೊಟ್ಟಿ ಮುರಿದು ಕೊಡುತ್ತಾನೆ. ನಾನು ನಾಟಕ ಬರೆದದ್ದೇ ಆ ಒಂದು ದೃಶ್ಯಕ್ಕಾಗಿ.

ದೇಸಾಯಿ ಪಾತ್ರ ನಮ್ಮೂರ ವಾಡೆಯ ಮೊಮ್ಮಗನಿಗೆ ಹೋಯಿತು. ಆಳಿನ ಪಾತ್ರ ಸಿಂದಗಿಯಲ್ಲಿ ಮೋಟಾರು ರಿಪೇರಿ ಮಾಡುವ ನನ್ನ ಗೆಳೆಯನದು. ಅವನ ತಾಯಿ ಅದೇ ವಾಡೆಯ ಅಂಗಳದ ಕಸ ಹೊಡೆದೇ ಮುದುಕಿಯಾದವಳು. ಒಮ್ಮೆಯೂ ಅದರ ಹೊಸ್ತಿಲು ದಾಟಿದವಳಲ್ಲ. ಮಗ ಗಾದಿಯ ಮೇಲೆ ಕೂಡುವುದನ್ನು ಅವಳು ಕಣ್ಣಾರೆ ನೋಡಬೇಕೆಂಬುದೊಂದೇ ಅವನ ಆಸೆ. ಏನಾಗುತ್ತದೆಂದು ಬಿಟ್ಟುಕೊಡದೆ, ಕಡೇ ಸೀನು ನೋಡು ಎಂದಷ್ಟೇ ಹೇಳಿ ಕರೆತಂದಿದ್ದ.

ಕಡೇ ಸೀನು ಬಂತು. ತಾಲೀಮಿನಲ್ಲಿ ದಿನಾ ಇಳಿಯುತ್ತಿದ್ದ ದೇಸಾಯಿ ಅಂದು ಇಳಿಯಲಿಲ್ಲ. ಮುಂದಿನ ಕುರ್ಚಿಗಳಲ್ಲಿ ಅವನ ಕಾಕಾಗಳು ಮೀಸೆ ತೀಡುತ್ತ ಕೂತಿದ್ದರು. ಆಳು ಹತ್ತಿರ ಹೋದಾಗ ಅವನು ಮೆಲ್ಲಗೆ ಅಂದದ್ದು ಪರದೆಯ ಹಿಂದಿದ್ದ ನನಗೂ ಕೇಳಿಸಿತು.

"ಅಲ್ಲೇ ನಿಂದ್ರು. ರೊಟ್ಟಿ ಇಲ್ಲೇ ಕೊಡು."

ಗೆಳೆಯ ನಿಂತೇ ಕೊಟ್ಟ. ದೇಸಾಯಿ ಲೋಡಿಗೆ ಒರಗಿಯೇ ತಿಂದ. ಜನ ಸಿಳ್ಳೆ ಹೊಡೆದರು. ಪರದೆ ಬಿದ್ದ ಮೇಲೆ ಕಾಕಾಗಳು ವೇದಿಕೆಗೆ ಬಂದು ಅವನಿಗೆ ಶಾಲು ಹೊದಿಸಿದರು, ಈ ಗತ್ತು ರಕ್ತದಲ್ಲೇ ಬರಬೇಕು ಎಂದು ಹೊಗಳಿದರು. ನನ್ನ ಕೊರಳಿಗೂ ಒಂದು ಹಾರ ಬಿತ್ತು. ಆ ಶಾಲು, ಆ ಹಲ್ಲುಕಿರಿತ, ಅವನೊಂದಿಗೆ ಸೆಲ್ಫಿಗೆ ಮುಗಿಬಿದ್ದ ಮಂದಿ, ಎಲ್ಲದರ ಮೇಲೂ ಉಗಿಯಬೇಕೆನ್ನಿಸಿತು.

ಗೆಳೆಯ ಮೂಲೆಯಲ್ಲಿ ಮುಖದ ಬಣ್ಣ ಒರೆಸಿಕೊಳ್ಳುತ್ತಿದ್ದ. ತಾಯಿ ಹುಡುಕಿಕೊಂಡು ಬಂದು ಅವನ ಗಲ್ಲ ಸವರಿದಳು. ಅವಳ ಮುಖ ಹಿಗ್ಗಿನಿಂದ ಅರಳಿತ್ತು.

"ಧಣ್ಯಾರ ಮುಂದ ತಲಿ ತಗ್ಗಿಸಿ ಎಷ್ಟ ಚಂದ ನಿಂತಿದ್ದೆಪಾ," ಅಂದಳು. "ನಿಮ್ಮಪ್ಪನೂ ಹಿಂಗ ನಿಂದರ್ತಿದ್ದ."