ಸಲಹೆಗಾರರ ಅಂಗಿ ಒಗೆದ ಕೈ

ಗಂಜಿ ಹಾಕಿದ ಹತ್ತಿ ಬಟ್ಟೆಯ ಮೇಲೆ ಇಸ್ತ್ರಿಪೆಟ್ಟಿಗೆ ಹರಿದಾಗ ಏಳುವ ವಾಸನೆ ಬಾಲ್ಯದಲ್ಲೇ ನನ್ನ ಮೂಗಿಗೆ ಅಂಟಿದ್ದು. ಜಪಾನಿನ ನಗೋಯಾದ ಈ ಓಣಿಯಲ್ಲಿ, ಬೆಳಕು ಹರಿಯುವ ಹೊತ್ತಿಗೆ, ಅದು ಮಾಸ್ಕ್ ದಾಟಿ ಬರುತ್ತದೆ. ಪುಟ್ಟ ಲಾಂಡ್ರಿಯೊಳಗೆ ಎಪ್ಪತ್ತರ ಹತ್ತಿರದ ವಿಯೆಟ್ನಾಂ ಮಹಿಳೆ ಲಿಯೆನ್ ಒಬ್ಬರೇ ನಿಂತು ದಾದಿಯರ ಸಮವಸ್ತ್ರಗಳಿಗೆ ಇಸ್ತ್ರಿ ಹಾಕುತ್ತಿದ್ದಾರೆ. ಯಂತ್ರ ಒಗೆದು ಕೊಟ್ಟರೂ ಕಾಲರಿಗೆ ಅಕ್ಕಿ ಗಂಜಿ ಸವರುವ ರೂಢಿ ಬಿಟ್ಟಿಲ್ಲ.

ಇದು 2021ರ ಬೇಸಿಗೆ. ಹತ್ತಿರದ ಆಸ್ಪತ್ರೆಯ ತುಂಬ ಕೊರೊನಾ ರೋಗಿಗಳು. ಅಲ್ಲಿನ ಬಟ್ಟೆ ಒಗೆಯುತ್ತಿದ್ದವರು ಹಿಂದೆ ಸರಿದಾಗ ಲಿಯೆನ್ ಒಪ್ಪಿಕೊಂಡರು. ತೊಂದರೆ ಅಲ್ಲಿಂದಲೇ. ಈ ಮಳಿಗೆ ಪಕ್ಕದ ಊಟದ ಡಬ್ಬಿ ಅಂಗಡಿಯ ಹಯಾಶಿ-ಸಾನ್ ಅವರದು. ಆಸ್ಪತ್ರೆಯ ಬಟ್ಟೆ ಮೂಟೆಗಳಿಗೆ ಹೆದರಿ ಅವರ ಗಿರಾಕಿಗಳು ಕಡಿಮೆಯಾದರು. ಅವರು ಹೊಸಿಲಾಚೆಯೇ ನಿಂತು, ತಲೆಬಾಗಿ, "ಸುಮಿಮಾಸೆನ್, ಕ್ಷಮಿಸಿ. ಈ ಬಟ್ಟೆ ನಿಲ್ಲಿಸಿ, ಇಲ್ಲ ತಿಂಗಳ ಕೊನೆಗೆ ಜಾಗ ಬಿಡಿ" ಎಂದರು. ತಮ್ಮ ಏಪ್ರನ್‌ಗಳನ್ನು ಕೊಡುವುದನ್ನೂ ನಿಲ್ಲಿಸಿದರು. ಇವತ್ತು ತಿಂಗಳ ಕೊನೆ. ಲಿಯೆನ್ ಬಟ್ಟೆ ನಿಲ್ಲಿಸಿಲ್ಲ.

ಅವರ ಜಪಾನಿ ಮಾತನ್ನು ಕನ್ನಡಕ್ಕೆ ತರುತ್ತಿರುವವಳು ಇಲ್ಲಿ ಎಂಜಿನಿಯರ್ ಆಗಿರುವ ನನ್ನ ಮಗಳು ಅಮೂಲ್ಯ. "ಅಮ್ಮ, ಒಂದೊಂದೇ ಕೇಳು. ಅವರು ತುಂಬ ಫಾಸ್ಟ್" ಎಂದು ನನ್ನನ್ನೇ ಗದರುತ್ತಾಳೆ.

ಲಿಯೆನ್ ಹುಟ್ಟಿದ್ದು ಡಾ ನಾಂಗ್ ಬಂದರಿನಲ್ಲಿ. ಉತ್ತರದ ಕಮ್ಯುನಿಸ್ಟರು ದಕ್ಷಿಣ ವಿಯೆಟ್ನಾಮನ್ನು ಗೆಲ್ಲಬಾರದೆಂದು ಅಮೆರಿಕ ಮೊದಲು ಕಳಿಸಿದ್ದು ಸೇನಾ ಸಲಹೆಗಾರರನ್ನು. ಅವರ ಅಂಗಿ ಒಗೆಯುತ್ತಿದ್ದವರು ಲಿಯೆನ್ ಅವರ ತಾಯಿ.

"ಮೊದಲು ಒಂದು ಬುಟ್ಟಿ ಬರ್ತಿತ್ತು. ಆಮೇಲೆ ಮೂಟೆ. ಇವರು ಬರೀ ಸಲಹೆ ಕೊಡೋರು ಅಂತ ರೇಡಿಯೋ ಹೇಳ್ತಿತ್ತು. ಒಂದಿನ ಅಂಗಿ ತುಂಬ ರಕ್ತ. ಅಮ್ಮ ಉಪ್ಪುನೀರಲ್ಲಿ ನೆನೆಹಾಕಿ, 'ಸಲಹೆ ಕೊಡೋಕೆ ಇಷ್ಟು ರಕ್ತ ಬೇಕೇನೇ?' ಅಂದ್ಲು."

1965ರಲ್ಲಿ ಅದೇ ತೀರದಲ್ಲಿ ಅಮೆರಿಕದ ಪಡೆಯೇ ಬಂದಿಳಿಯಿತು. ಕೆಲವೇ ವರ್ಷಗಳಲ್ಲಿ ಸೈನಿಕರ ಸಂಖ್ಯೆ ಐದು ಲಕ್ಷ ದಾಟಿತು. ಬಟ್ಟೆ ಲಾರಿಯಲ್ಲಿ ಬರತೊಡಗಿದಾಗ ಹದಿಮೂರರ ಲಿಯೆನ್ ಶಾಲೆ ಬಿಟ್ಟು ಒಗೆಯುವ ಕಲ್ಲಿನ ಮುಂದೆ ನಿಂತರು.

"ಕೊನೆಗೆ ಮೂಟೆ ಸಣ್ಣದಾಗ್ತಾ ಬಂತು. ಇವರು ಹೊರಟ್ರು ಅಂತ ಗೊತ್ತಾಯ್ತು. ಉತ್ತರದವರು ಗೆದ್ದ ಮೇಲೆ, ಅಮೆರಿಕದವರ ಬಟ್ಟೆ ಒಗೆದ ನಮಗೆ ಊರಲ್ಲಿ ಜಾಗ ಉಳೀಲಿಲ್ಲ."

ದೋಣಿ ಹತ್ತಿದ ಅವರನ್ನು ನಡುಸಮುದ್ರದಲ್ಲಿ ಹಡಗೊಂದು ಎತ್ತಿಕೊಂಡು ಜಪಾನಿಗೆ ತಂದಿತು. ಈಗ ಏನು ಆಸೆ ಎಂದು ಕೇಳಿದರೆ, ಕಾಲರಿನ ಸುಕ್ಕು ತೀಡುತ್ತಲೇ ಹೇಳುತ್ತಾರೆ: "ಈ ಆಸ್ಪತ್ರೆ ಮೂಟೆನೂ ಸಣ್ಣದಾಗಬೇಕು. ಈ ಸಲ ನಾನು ಇಲ್ಲೇ ಇದ್ದು ಅದನ್ನ ನೋಡಬೇಕು, ಅಷ್ಟೇ."

ಬಾಗಿಲಲ್ಲಿ ನೆರಳಾಡುತ್ತದೆ. ಹಯಾಶಿ-ಸಾನ್. ಇಷ್ಟು ದಿನ ಹೊಸಿಲು ದಾಟದವರು ಇವತ್ತು ಒಳಗೆ ಬರುತ್ತಾರೆ.

"ನಿನ್ನೆ ಒಬ್ಬ ದಾದಿ ಅಂಗಡಿ ಮುಚ್ಚೋ ಹೊತ್ತಿಗೆ ಬಂದ್ರು. ಬೆಳಗ್ಗಿಂದ ಊಟ ಮಾಡಿರಲಿಲ್ಲವಂತೆ. ನಿಂತಲ್ಲೇ ತೂಕಡಿಸ್ತಿದ್ರು. ಆ ಕಾಲರ್ ನೋಡಿದೆ. ನಿಮ್ಮ ಕೈಯದ್ದೇ."

ಅವರು ಬಗಲಿನ ಗಂಟು ಬಿಚ್ಚಿ, ಮಾಸಿದ ಏಪ್ರನ್‌ಗಳನ್ನು ಆಸ್ಪತ್ರೆಯ ಮೂಟೆಯ ಪಕ್ಕದಲ್ಲೇ ಇಡುತ್ತಾರೆ. "ಗಂಜಿ ಕಡಿಮೆ ಹಾಕಿ. ಹೋದ ಸಲ ಕತ್ತು ಕೊಯ್ತಿತ್ತು."

"ನೀವು ತಲೆ ಬಗ್ಗಿಸೋದು ಕಡಿಮೆ ಮಾಡಿ" ಎನ್ನುತ್ತಾರೆ ಲಿಯೆನ್.

ಹಯಾಶಿ-ಸಾನ್ ಬಿಸಿ ಅನ್ನದ ಡಬ್ಬಿಯೊಂದನ್ನು ಎರಡೂ ಕೈಯಲ್ಲಿ ಹಿಡಿದು ಚಾಚುತ್ತಾರೆ. ಲಿಯೆನ್ ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ, ಕೈ ಒರೆಸಿಕೊಂಡು, ತೆಗೆದುಕೊಳ್ಳುತ್ತಾರೆ.