ಕಯಾಕ್‌ಗೆ ಖಂಡೇಪೂಜೆ

ನಮ್ಮ ಮನೆಯಲ್ಲಿ ಮೀನು ತಿನ್ನುವುದಿಲ್ಲ. ಆದರೂ ಮಿಯಾಪುರದ ಅಪಾರ್ಟ್‌ಮೆಂಟಿನಲ್ಲಿ ನನ್ನ ಪಾರ್ಕಿಂಗ್ ಜಾಗದ ತುಂಬ ಮೀನು ಹಿಡಿಯುವ ಕಯಾಕ್ ಇದೆ. ಕಾರು ರಸ್ತೆಯಲ್ಲಿ ನಿಲ್ಲುತ್ತದೆ. ಪೆಡಲ್ ತುಳಿದರೆ ಈ ದೋಣಿ ಸಾಗುತ್ತದೆ, ಗಾಳ ಹಿಡಿಯಲು ಎರಡೂ ಕೈಗಳು ಬಿಡುವಾಗಿರುತ್ತವೆ. ಭಾನುವಾರ ಊರ ಹೊರಗಿನ ಕೆರೆಯಲ್ಲಿ ಹಿಡಿದದ್ದನ್ನು ಅಲ್ಲೇ ನೀರಿಗೆ ಬಿಟ್ಟು ಬರುತ್ತೇನೆ. ಹೆಂಡತಿಯ ಪಾಲಿಗೆ ಅದೂ ಪಾಪವೇ.

ಮಹಾನವಮಿಯ ಖಂಡೇಪೂಜೆಯಂದು ಕಾರಿಗೆ ಪೂಜೆ ಮುಗಿಸಿದವಳು, ನಾನು ಹೇಳದೆಯೇ ಕಯಾಕ್‌ಗೂ ವಿಭೂತಿ ಬಳಿದು, ಪೆಡಲಿಗೆ ಚೆಂಡುಹೂ ಕಟ್ಟಿ ಕಾಯಿ ಒಡೆದಳು. ಕೊನೆಗೂ ಒಪ್ಪಿಕೊಂಡಳು ಎಂದುಕೊಂಡೆ.

“ಏನಂತ ಬೇಡಿಕೊಂಡಿ?” ಎಂದು ಕೇಳಿದೆ.

“ಒಂದೂ ಮೀನು ಸಿಗಬಾರದು ಅಂತ ಬೇಡಿಕೊಂಡೀನ್ರಿ,” ಎಂದಳು.

ಮುಂದಿನ ಭಾನುವಾರ ಮಧ್ಯಾಹ್ನದವರೆಗೂ ತುಳಿದೆ. ಗಾಳ ಅಲುಗಲಿಲ್ಲ. ಮನೆಗೆ ಬಂದಾಗ ನನ್ನ ಮುಖ ನೋಡಿದ ಆಕೆ ದೇವರ ಮುಂದೆ ಇನ್ನೊಂದು ಕಾಯಿ ಒಡೆದಳು.