ಗಲೀಜು ಮೇಜಿನ ಲೆಕ್ಕ

ಬೀದಿ ದೀಪ ಇನ್ನೂ ಆರಿಲ್ಲ. ಗ್ರಂಥಾಲಯದ ಓದುವ ಕೋಣೆಯಲ್ಲಿ ನಿನ್ನೆಯವರು ಬಿಟ್ಟುಹೋದ ಪುಸ್ತಕಗಳು ಮೇಜುಗಳ ಮೇಲೆ ಅಡ್ಡಾದಿಡ್ಡಿ ಬಿದ್ದಿವೆ. ಸಹಾಯಕಿ ಒಂದನ್ನು ಎತ್ತಿ, ಹಿಂಬದಿಯ ಬಾರ್‌ಕೋಡಿಗೆ ಸ್ಕ್ಯಾನರ್ ಹಿಡಿಯುತ್ತಾರೆ. ಅದು ಕೀಂ ಎನ್ನುತ್ತದೆ. ಆಮೇಲಷ್ಟೇ ಪುಸ್ತಕ ಕಪಾಟಿಗೆ.

ಓದುಗರು ಇವರನ್ನು ಕರೆಯುವುದು ಶ್ ಅಕ್ಕ ಎಂದು. ಪಿಸುಗುಟ್ಟಿದರೂ ತುಟಿಯ ಮೇಲೆ ಬೆರಳಿಡುವ ಹೆಂಗಸು. "ಇಷ್ಟು ವರ್ಷ ಊರವರ ಬಾಯಿ ಮುಚ್ಚಿಸ್ದೆ. ಈಗ ನಾನೇ ಕೀಂ ಕೀಂ ಅನ್ನಿಸ್ತಾ ಓಡಾಡ್ತೀನಿ," ಎಂದು ನಗುತ್ತಾರೆ.

ಮಗಳ ಶಾಲೆ ಪಕ್ಕದಲ್ಲೇ ಇದೆಯೆಂದು ಕಸ ಗುಡಿಸುವ ಕೆಲಸಕ್ಕೆ ಸೇರಿದವರು. ಪುಸ್ತಕ ಜೋಡಿಸುವುದನ್ನು ಇಲ್ಲೇ ಕಲಿತರು. ಬಾಗಿಲು ಹಾಕುವ ಮೊದಲು ಮೇಜು ಖಾಲಿಯಾಗಬೇಕು ಎಂಬುದು ಅವರ ಹಠ. ಆ ಹಠವೇ ಕುತ್ತಾಯಿತು. ಕಂಪ್ಯೂಟರ್ ಬಂದ ಮೇಲೆ, ಯಾರೂ ಮುಟ್ಟದ ಪುಸ್ತಕಗಳನ್ನು ಗೋದಾಮಿಗೆ ಸಾಗಿಸಬೇಕೆಂಬ ನಿಯಮ ಬಂತು. ಇಲ್ಲೇ ಕೂತು ಓದಿದ್ದನ್ನೂ ಸ್ಕ್ಯಾನ್ ಮಾಡಿಯೇ ಎತ್ತಿಡಿ, ಆಗಲೇ ಅದು ಓದಿದ ಲೆಕ್ಕಕ್ಕೆ ಸೇರುವುದು ಎಂದು ಹೊಸ ಗ್ರಂಥಪಾಲಕಿ ಹೇಳಿದ್ದರು. ಸಹಾಯಕಿಯ ಕೈ ಕೇಳಲಿಲ್ಲ, ಸ್ಕ್ಯಾನ್ ಮಾಡದೆಯೇ ಎತ್ತಿಟ್ಟಿತು. ಮೇಜು ಚೊಕ್ಕಟವಾಯಿತು, ಕಂಪ್ಯೂಟರಿನಲ್ಲಿ ಸೊನ್ನೆ ಉಳಿಯಿತು. ರಿಪೇರಿ ಕಲಿಸುವ ಪುಸ್ತಕಗಳ ಕಪಾಟಿನ ಎರಡು ಸಾಲು ಗೋದಾಮಿನ ವ್ಯಾನ್ ಹತ್ತಿತು. ಮೋಟಾರು, ಪಂಪು, ಹೊಲಿಗೆ ಯಂತ್ರ ಬಿಚ್ಚುವವರು ಅವನ್ನು ಮನೆಗೆ ಒಯ್ಯುವುದಿಲ್ಲ. ಕೆಲಸದ ನಡುವೆ ಓಡಿಬಂದು, ಬೇಕಾದ ಚಿತ್ರ ನೋಡಿಕೊಂಡು ಹೋಗುತ್ತಾರೆ.

"ತಪ್ಪು ನಂದೇ. ಗಲೀಜು ಕಂಡ್ರೆ ಕೈ ಸುಮ್ನಿರಲ್ಲ."

"ನಾನೂ ಒಂದ್ಸಲ ಹೇಳಿ ಸುಮ್ಮನಾದೆ ಅಕ್ಕ. ಪಕ್ಕದಲ್ಲಿ ನಿಂತು ತೋರಿಸ್ಲಿಲ್ಲ," ಎನ್ನುತ್ತಾರೆ ಗ್ರಂಥಪಾಲಕಿ.

ಉಳಿದ ಮೂರು ಸಾಲುಗಳ ತೀರ್ಮಾನ ಈ ತಿಂಗಳ ಕೊನೆಗೆ. ಮನೆಗೆ ಹೊರಡುವ ಆತುರದಲ್ಲಿ ಮತ್ತೆ ಕೈತಪ್ಪೀತೆಂದು ಸಂಜೆ ಮೇಜು ಮುಟ್ಟುವುದನ್ನೇ ಬಿಟ್ಟು, ಸಹಾಯಕಿ ಬೆಳಗ್ಗೆ ಬೇಗ ಬರುತ್ತಾರೆ. "ಅಮ್ಮ, ಊಟದ ತಟ್ಟೇನೂ ಸ್ಕ್ಯಾನ್ ಮಾಡಿ ಎತ್ತಿಡು," ಎಂದು ಮಗಳು ಕಾಡುತ್ತಾಳೆ. 'ಪುಸ್ತಕವನ್ನು ಸ್ವಸ್ಥಾನದಲ್ಲಿಡಿ' ಎಂಬ ಹಳೇ ಫಲಕವನ್ನು ತಿರುಗಿಸಿ, ಹಿಂಬದಿಯಲ್ಲಿ ಬರೆದಿದ್ದಾರೆ: 'ಓದಿದ ಪುಸ್ತಕ ಮೇಜಿನ ಮೇಲೇ ಇರಲಿ.'

ಬಾಗಿಲು ತೆರೆದೊಡನೆ ಪಂಪು ರಿಪೇರಿಯವನು ಬರುತ್ತಾನೆ. ಚಿತ್ರ ನೋಡಿ ಮುಗಿಸಿ, ಅಭ್ಯಾಸಬಲದಿಂದ ಪುಸ್ತಕ ಹಿಡಿದು ಕಪಾಟಿನತ್ತ ಹೊರಡುತ್ತಾನೆ.

"ಏಯ್, ಇಡ್ಬೇಡ!" ಶ್ ಅಕ್ಕನ ಕೂಗಿಗೆ ಇಡೀ ಕೋಣೆ ತಿರುಗಿ ನೋಡುತ್ತದೆ.

"ನೀವೇ ಅಲ್ವೇನಕ್ಕ, ಬೈದು ಬೈದು ಕಲಿಸಿದ್ದು?"

"ಕಲಿಸ್ದೆ ಕಣಪ್ಪ. ಈಗ ಮರೆತ್ಬಿಡು. ಹೋಗೋವಾಗ ಗಲೀಜು ಮಾಡೇ ಹೋಗು."